ನೀರು ಕಾಣದ ಜಾಗ

ಕೊಟ್ಟಿಗೆಯ ಮಾಡು ಸೋರುತ್ತಿತ್ತೆಂದು ಮೊನ್ನೆ ಬಂಗಾರಪೇಟೆಯ ಬಜಾರಿಗೆ ಟಾರ್ಪಾಲು ಕೊಳ್ಳಲು ಹೋಗಿದ್ದೆ. ಅಂಗಡಿಯವನು ಹೊಸ ಸುರುಳಿಯೊಂದನ್ನು ರಸ್ತೆಯ ಬಿಸಿಲಿಗೆ ಎಳೆದು ಬಿಚ್ಚಿದ. ಕಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಬರುತ್ತೇನೆಂದು ಹೇಳಿ ಅಲ್ಲಿಂದ ಹೊರಟುಬಿಟ್ಟೆ. ಅವನಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ನನಗೆ ಅತ್ತಿಗೆ ನೆನಪಾಗಿದ್ದರು...

ಅತ್ತಿಗೆ ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ, ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವರು. ಅವರ ಅಪ್ಪ ಗಣಿ ಮುಚ್ಚುವವರೆಗೂ ನೆಲದೊಳಗೆ ದುಡಿದವರು. ನಮ್ಮದು ಬಂಗಾರಪೇಟೆ ಪಕ್ಕದ ಹಳ್ಳಿ. ಟೊಮೆಟೊ, ಎರಡು ಸೀಮೆಹಸು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು. ಮದುವೆಯಾಗಿ ಬಂದಾಗ ಹಸುವಿನ ಹತ್ತಿರ ಹೋಗಲೂ ಹೆದರುತ್ತಿದ್ದವರು, ಬೇಗನೆ ಅಮ್ಮನಿಗಿಂತ ಚೆನ್ನಾಗಿ ಹಾಲು ಕರೆಯಲು ಕಲಿತರು. ಹಸುಗಳನ್ನು ತಮಿಳಿನಲ್ಲಿ ಬೈಯುತ್ತಿದ್ದರು, ಅಮ್ಮನ ಜೊತೆ ತೆಲುಗು, ನಮ್ಮ ಜೊತೆ ಕನ್ನಡ. ನಾದಿನಿಯಾದ ನನ್ನನ್ನು ಮಾತ್ರ, ಚಿಕ್ಕ ಹುಡುಗಿಯರನ್ನು ಕರೆಯುವ ಅವರ ಕಡೆಯ ರೂಢಿಯಂತೆ, ‘ಪಾಪಾ’ ಎಂದು ಕರೆಯುತ್ತಿದ್ದರು. ಆಗಲೇ ನನ್ನದೇ ಟೈಲರಿಂಗ್ ಅಂಗಡಿ ಇತ್ತು, ಸ್ಕೂಟರ್ ಇತ್ತು, ಆದರೂ ನಾನು ಅವರಿಗೆ ಪಾಪಾ.

ಅಣ್ಣ ಟೊಮೆಟೊ ತೋಟಕ್ಕೆಂದು ಹೊಲದಲ್ಲಿ ಕೃಷಿ ಹೊಂಡ ತೆಗೆಸಿದ್ದ. ನೀರು ಇಂಗಬಾರದೆಂದು ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಹೊದಿಸಿದ್ದರು. ಸುತ್ತ ಬೇಲಿ ಹಾಕಿಸಿ ಎಂದು ಅತ್ತಿಗೆ ಕೇಳಿದ್ದರು. ಮುಂದಿನ ವಾರ ಹಾಕಿಸೋಣ ಎಂದು ಅಣ್ಣ ಹೇಳಿದ್ದ. ಅದು ಸುಳ್ಳಲ್ಲ, ಅವನು ನಿಜವಾಗಿಯೂ ಹಾಕಿಸುತ್ತಿದ್ದ. ಫಸಲು ಕೀಳುವ ಕಾಲ, ಕೈಗೆ ಬಿಡುವಿರಲಿಲ್ಲ, ಅಷ್ಟೇ. ಅತ್ತಿಗೆ ಡೈರಿಗೆ ಹೋಗಿದ್ದ ಒಂದು ಬೆಳಿಗ್ಗೆ, ಅಣ್ಣ ಹೊಲದ ಆ ತುದಿಯಲ್ಲಿ ಪೈಪು ಸರಿಮಾಡುತ್ತಿದ್ದಾಗ, ಅವರ ಪುಟ್ಟ ಮಗ ಹೊಂಡದ ಅಂಚಿನಲ್ಲಿ ಜಾರಿದ. ಆ ಪ್ಲಾಸ್ಟಿಕ್ಕಿನ ಮೇಲೆ ದೊಡ್ಡವರು ಜಾರಿದರೂ ಹತ್ತಿ ಬರಲಾಗುವುದಿಲ್ಲ. ಅವನು ಇನ್ನೂ ಶಾಲೆಗೆ ಸೇರದ ಮಗು.

ಮಗುವಿನ ಮಣ್ಣು, ಕಾರ್ಯಗಳೆಲ್ಲ ಮುಗಿದ ಮೇಲೆ ಅಣ್ಣ ಜೆಸಿಬಿ ತರಿಸಿ ಹೊಂಡ ಮುಚ್ಚಿಸಿದ. ಹೊಲವನ್ನು ಇನ್ನೊಬ್ಬರಿಗೆ ಪಾಲಿಗೆ ಕೊಟ್ಟು, ಬೆಂಗಳೂರಿನ ಹತ್ತಿರದ ಕಾರ್ಖಾನೆಯೊಂದಕ್ಕೆ ಸೇರಿಕೊಂಡ. ಕತ್ತಲಿರುವಾಗಲೇ ರೈಲಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದ. ಅತ್ತಿಗೆಯ ಜೊತೆ ಮಾತು ನಿಂತುಹೋಯಿತು. ಜಗಳವಾಗಲಿಲ್ಲ, ಒಂದು ಗಟ್ಟಿ ಮಾತೂ ಬರಲಿಲ್ಲ. ಏನಾದರೂ ಹೇಳಲೇಬೇಕಾದರೆ ಉಳಿದ ಒಬ್ಬಳೇ ಮಗಳನ್ನು ಕರೆದು, ನಿಮ್ಮಮ್ಮನಿಗೆ ಹೇಳು ಎನ್ನುತ್ತಿದ್ದ. ಅತ್ತಿಗೆ ಅಡುಗೆಮನೆಯಲ್ಲಿದ್ದರೆ ಅವನು ನಡುಮನೆಯಲ್ಲಿ, ಅವರು ನಡುಮನೆಗೆ ಬಂದರೆ ಅವನು ಜಗಲಿಯಲ್ಲಿ. ಮಗುವನ್ನು ಸರಿಯಾಗಿ ನೋಡಿಕೊಳ್ಳಲಿಲ್ಲವೆಂದು ಹೆಂಡತಿಯ ಮೇಲೆ ಸಿಟ್ಟು ಎಂದು ಊರೆಲ್ಲ ಅಂದುಕೊಂಡಿತು. ನಾವೂ ಹಾಗೇ ಅಂದುಕೊಂಡೆವು. ಅತ್ತಿಗೆಯೂ ಹಾಗೇ ಅಂದುಕೊಂಡಿದ್ದರು.

ಹೀಗೆ ಎರಡು ವರ್ಷ ಕಳೆದಿರಬೇಕು. ಒಂದು ಸಂಜೆ ಮಗಳು ಅತ್ತಿಗೆಗೆ ಫೋನಿನಲ್ಲಿ ಏನೋ ತೋರಿಸುತ್ತಿದ್ದಳು. ಅವಳ ತರಗತಿಯ ಹುಡುಗಿಯೊಬ್ಬಳು ಅಪ್ಪ ಅಮ್ಮನ ಜೊತೆ ಬೆಟ್ಟದ ಬುಡದಲ್ಲಿ ಟೆಂಟ್ ಹಾಕಿಕೊಂಡು ಒಂದು ರಾತ್ರಿ ಇದ್ದು ಬಂದಿದ್ದಳಂತೆ. ಅತ್ತಿಗೆ ಆ ಫೋಟೋಗಳನ್ನು ಬಹಳ ಹೊತ್ತು ನೋಡಿದರು. ಮರುದಿನ ನನ್ನ ಅಂಗಡಿಗೆ ಬಂದು, ನಾವೂ ಒಂದು ಜಾಗ ನೋಡಬೇಕು ಎಂದರು. ನನಗೆ ಆಶ್ಚರ್ಯವಾಯಿತು. ನೆಂಟರ ಮದುವೆಗೂ ಹೋಗುವುದನ್ನು ಬಿಟ್ಟಿದ್ದವರು ಅವರು.

“ಅಲ್ಲಿ ಎಲ್ಲಾರ್ಗೂ ಸೇರಿ ಒಂದೇ ಟೆಂಟು ಪಾಪಾ,” ಎಂದರು. “ಎದ್ದು ಓಗೋಕೆ ಇನ್ನೊಂದು ರೂಮ್ ಇರಲ್ಲ.”

ಅವತ್ತಿನಿಂದ ಜಾಗ ಹುಡುಕುವುದು ಶುರುವಾಯಿತು. ಅಂಗಡಿಯಲ್ಲಿ ನಾನು ಮಿಷಿನ್ ತುಳಿಯುತ್ತಿದ್ದರೆ ಅವರು ಪಕ್ಕದ ಸ್ಟೂಲಿನಲ್ಲಿ ಕೂತು ನನ್ನ ಫೋನಿನಲ್ಲಿ ಒಂದೊಂದೇ ಫೋಟೋ ಸರಿಸುತ್ತಿದ್ದರು. ಅವರಿಗೆ ಬೇಕಾಗಿದ್ದುದು ಒಂದೇ, ಅಲ್ಲಿ ನೀರು ಕಾಣಬಾರದು. ನಮ್ಮದು ಬೋರ್‌ವೆಲ್ಲಿನಲ್ಲೂ ನೀರು ಸಿಗದ ಸೀಮೆ. ಇಲ್ಲಿ ನೀರಿಲ್ಲದ ಜಾಗ ಹುಡುಕುವುದು ಕಷ್ಟವಾದೀತೆಂದು ಯಾರು ಅಂದುಕೊಂಡಾರು? ಆದರೆ ಟೆಂಟ್ ಹಾಕುವವರೆಲ್ಲರೂ ನೀರನ್ನೇ ಮುಂದಿಟ್ಟುಕೊಂಡು ಕರೆಯುತ್ತಿದ್ದರು. ಕೆರೆಯ ದಡ, ಈಜುಕೊಳ, ಮಕ್ಕಳಿಗೆ ಆಡಲು ಕೊಳ. ಅತ್ತಿಗೆ ಮುಂದಿನ ಫೋಟೋಗೆ ಹೋಗುತ್ತಿದ್ದರು.

ಭಾನುವಾರಗಳಲ್ಲಿ ನನ್ನ ಸ್ಕೂಟರಿನಲ್ಲಿ ಇಬ್ಬರೂ ಹೋಗಿ ನೋಡಿ ಬರುತ್ತಿದ್ದೆವು. ಕೋಲಾರದ ಕಡೆ ಬೆಟ್ಟದ ಬುಡದಲ್ಲಿ ಒಂದು ಕಡೆ ಗೇಟಿನಲ್ಲೇ ಪುಟ್ಟ ಕೊಳ, ಅದರಲ್ಲಿ ತೇಲುವ ಪ್ಲಾಸ್ಟಿಕ್ ಬಾತುಗಳು. ಅತ್ತಿಗೆ ಸ್ಕೂಟರಿನಿಂದ ಇಳಿಯಲೇ ಇಲ್ಲ. ಬೇತಮಂಗಲದ ಕಡೆ ಇನ್ನೊಂದು ಕಡೆ ಕೆರೆ ದೂರವಿದೆ ಎಂದಿದ್ದರು. ಟೆಂಟಿನ ಬಾಗಿಲಲ್ಲಿ ಕೂತು ನೋಡಿದರೆ ನೇರ ಎದುರಿಗೇ ಹೊಳೆಯುತ್ತಿತ್ತು. ಕೊನೆಗೆ ಸಿಕ್ಕಿದ್ದು ಕಾಮಸಮುದ್ರದ ಕಡೆಯ ಒಂದು ಮಾವಿನ ತೋಪು. ಹಿಂದೆ ದೊಡ್ಡ ಬಂಡೆಗಳು, ಮುಂದೆ ಕೆಂಪು ನೆಲ, ಕುಡಿಯಲು ಡ್ರಮ್ಮಿನಲ್ಲಿ ತುಂಬಿಸಿಟ್ಟ ನೀರು, ಅದಕ್ಕೂ ಮುಚ್ಚಳ. ಆ ಕಡೆ ಕಾಡಿನಿಂದ ಆನೆಗಳು ಇಳಿಯುತ್ತವೆ. ನಾನು ಆ ಭಯ ಹೇಳಿದೆ.

“ಆನೆ ಬಂದ್ರೆ ಓಡ್ಬೋದು ಪಾಪಾ,” ಎಂದರು ಅತ್ತಿಗೆ.

ತೋಪಿನ ಯಜಮಾನ ಹೊಸದಾಗಿ ಈ ಕೆಲಸಕ್ಕೆ ಇಳಿದಿದ್ದ, ಬಂದವರನ್ನು ಕಳೆದುಕೊಳ್ಳಬಾರದೆಂಬ ಆತುರದ ಒಳ್ಳೆಯ ಮನುಷ್ಯ. ಅತ್ತಿಗೆ ತೋಪನ್ನೆಲ್ಲ ಸುತ್ತಿ ಬಂದು, ಇಲ್ಲಿ ಹೊಂಡ ಗಿಂಡ ಏನೂ ಇಲ್ಲವೇ ಎಂದು ಕೇಳಿದರು. ಅವನು ಸಂಕೋಚದಿಂದ ತಲೆ ಕೆರೆದುಕೊಂಡು, ಸದ್ಯಕ್ಕೆ ಇಲ್ಲ ಅಕ್ಕಾ ಎಂದ. ಅತ್ತಿಗೆ ಇನ್ನೊಮ್ಮೆ ಕೇಳಿದರು. ಅವನು ಇನ್ನೊಮ್ಮೆ ಇಲ್ಲವೆಂದ. ಯಾಕೆ ಕೇಳುತ್ತಿದ್ದೇವೆಂದು ನಾವಿಬ್ಬರೂ ಹೇಳಲಿಲ್ಲ. ಹೇಳುವುದಾದರೂ ಹೇಗೆ...

ಮನೆಗೆ ಬಂದ ಮೇಲೆ ಫೋನ್ ಮಾಡಿ, ಒಂದು ತಿಂಗಳಾಚೆಯ ಶನಿವಾರಕ್ಕೆ, ಬಂಡೆಯ ಪಕ್ಕದ ಟೆಂಟನ್ನೇ ಬುಕ್ ಮಾಡಿದರು. ಎಷ್ಟು ಜನ ಎಂದು ಆ ಕಡೆಯಿಂದ ಕೇಳಿದರು. ದೊಡ್ಡವರು ಇಬ್ಬರು ಎಂದರು ಅತ್ತಿಗೆ. ಮಕ್ಕಳು ಎಷ್ಟು ಎಂದಾಗ ಅತ್ತಿಗೆ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಒಬ್ಬಳು ಎಂದು ನಾನೇ ಹೇಳಿದೆ.

ಅಣ್ಣ ಒಪ್ಪುತ್ತಾನೆಂದು ನನಗೆ ನಂಬಿಕೆ ಇರಲಿಲ್ಲ. ಅಮ್ಮ ಅವನ ಊಟದ ತಟ್ಟೆಯ ಮುಂದೆ ಕೂತು, ಒಂದು ದಿನ ಹೋಗಿ ಬಾ, ಮಗಳ ಮುಖ ನೋಡಿಯಾದರೂ ಹೋಗಿ ಬಾ ಎಂದಳು. ಅವನು ತಲೆ ಎತ್ತಲಿಲ್ಲ. ಆದರೆ ಆ ಶನಿವಾರಕ್ಕೆ ರಜೆ ಹೇಳಿ ಬಂದ. ಅತ್ತಿಗೆ ಅದನ್ನು ಕೇಳಿ ಅವತ್ತೇ ಕಂಬಳಿಗಳನ್ನು ಒಗೆದು ಹಾಕಿದರು. ನಿಪ್ಪಟ್ಟು ಕರಿದರು. ಹೊಸ ಟಾರ್ಚ್ ತಂದರು. ಹಾಲು ಕರೆಯುವಾಗ ಏನೋ ಗುನುಗುತ್ತಿದ್ದರು. ಎರಡು ವರ್ಷದಿಂದ ಆ ಕೊಟ್ಟಿಗೆಯಲ್ಲಿ ಹಾಲಿನ ಸದ್ದು ಬಿಟ್ಟರೆ ಬೇರೆ ಸದ್ದು ಇರಲಿಲ್ಲ.

ಅಣ್ಣ ಬೈಕಿನಲ್ಲಿ ಮಗಳನ್ನು ಕೂರಿಸಿಕೊಂಡ. ಅತ್ತಿಗೆ, ಸಾಮಾನು ಎರಡೂ ನನ್ನ ಸ್ಕೂಟರಿನಲ್ಲಿ. ಅವರನ್ನು ಬಿಟ್ಟು ನಾನು ವಾಪಸ್ಸು ಬರುವುದೆಂದು ಮಾತಾಗಿತ್ತು. ದಾರಿಯುದ್ದಕ್ಕೂ ಅತ್ತಿಗೆ ಮುಂದೆ ಹೋಗುತ್ತಿದ್ದ ಬೈಕನ್ನೇ ನೋಡುತ್ತಿದ್ದರು. ಮಗಳು ಅಪ್ಪನ ಸೊಂಟ ಬಳಸಿ ಏನೋ ಹೇಳುತ್ತಿದ್ದಳು. ಅಣ್ಣ ಒಂದೆರಡು ಬಾರಿ ತಲೆ ಆಡಿಸಿದ. ನಕ್ಕನೋ ಏನೋ... ಹಿಂದಿನಿಂದ ಕಾಣಲಿಲ್ಲ.

ತೋಪಿನ ಬಾಗಿಲಲ್ಲೇ ಯಜಮಾನ ಓಡಿ ಬಂದ. ಸಾಮಾನು ಇಳಿಸಿಕೊಂಡ. ಬಂಡೆಯ ಪಕ್ಕದ ಟೆಂಟಿನವರೆಗೂ ಅವನೇ ಕರೆದುಕೊಂಡು ಹೋದ. ಅಲ್ಲಿ ನಿಂತು ಕೈ ಚಾಚಿ ತೋರಿಸಿದ. ಟೆಂಟಿನ ಮುಂದಿನ ಕೆಂಪು ನೆಲದಲ್ಲಿ ಹೊಸದಾಗಿ ಅಗೆದ ಹೊಂಡ. ಒಳಗೆಲ್ಲ ನೀಲಿ ಪ್ಲಾಸ್ಟಿಕ್. ಟ್ಯಾಂಕರಿನಲ್ಲಿ ತಂದು ತುಂಬಿದ ನೀರು ಅಂಚಿನವರೆಗೂ ಇತ್ತು. ಬಿಸಿಲಿಗೆ ಪ್ಲಾಸ್ಟಿಕ್ ಕಾದು ವಾಸನೆ ಬರುತ್ತಿತ್ತು.

“ನೀವು ಎರಡೆರಡು ಸಲ ಕೇಳಿದ್ರಲ್ಲ ಅಕ್ಕಾ,” ಎಂದ ಅವನು, ಸಂತೋಷದಿಂದ. “ನೀವು ಬರೋದ್ರೊಳಗೆ ಆಗ್ಲಿ ಅಂತ ಮಾಡಿಸ್ಬಿಟ್ಟೆ. ಮಕ್ಳು ಆಡ್ಕೊಳ್ಳಲಿ.”

ಅತ್ತಿಗೆ ಮಗಳ ತೋಳನ್ನು ಹಿಡಿದುಕೊಂಡರು. ಹಿಡಿದದ್ದು ಎಷ್ಟು ಬಿಗಿಯಾಗಿತ್ತೆಂದರೆ ಹುಡುಗಿ ನೋವಿಗೆ ಅತ್ತಳು. ಅಣ್ಣ ಹೊಂಡದ ಅಂಚಿಗೆ ಹೋಗಿ ನಿಂತ. ಬೇಲಿ ಎಲ್ಲಿ ಎಂದು ಯಜಮಾನನನ್ನು ಕೇಳಿದ. ಮುಂದಿನ ವಾರ ಹಾಕಿಸುತ್ತೇನೆ ಅಣ್ಣಾ ಎಂದ ಅವನು.

ಅಣ್ಣ ಅಲ್ಲೇ ಮಣ್ಣಿನ ಮೇಲೆ ಕುಕ್ಕರಿಸಿದ. ಏನೋ ತಪ್ಪಾಗಿದೆಯೆಂದು ಯಜಮಾನನಿಗೆ ತಿಳಿಯಿತು. ನಾನು ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದೆ. ಪಾಪ, ಅವನ ಮುಖ ಸಣ್ಣದಾಯಿತು. ಈಗಲೇ ಪಂಪ್ ಇಟ್ಟು ನೀರು ತೆಗೆಸುತ್ತೇನೆ, ಟೆಂಟ್ ಆ ಕಡೆ ಹಾಕಿಸುತ್ತೇನೆ ಎಂದ. ಅಷ್ಟರಲ್ಲಿ ಅಣ್ಣ ಎದ್ದು ಅತ್ತಿಗೆಯ ಮುಂದೆ ಬಂದು ನಿಂತಿದ್ದ. ಎರಡು ವರ್ಷದ ಮೇಲೆ ಅವನು ನೇರವಾಗಿ ಅವರೊಡನೆ ಆಡಿದ ಮೊದಲ ಮಾತು ಅದು.

“ನಿನ್ನ ಮಕ ನೋಡಿದ್ರೆ ನಂಗೆ ಆ ಬೇಲಿನೇ ಗ್ಯಾಪ್ಕ ಬತ್ತದೆ ಕಣೆ. ಅದ್ಕೇ ನೋಡಲ್ಲ.”

ಅತ್ತಿಗೆ ಮಗಳ ತೋಳು ಬಿಟ್ಟರು.

“ಅವತ್ತಿನ್ಮೇಲೆ ಬೇಲಿ ಇಸ್ಯ ನಾನು ಒಂದಿನಾನೂ ಎತ್ಲಿಲ್ವಲ್ಲ,” ಎಂದರು.

“ಎತ್ಬೇಕಾಗಿತ್ತು. ಬಾಯಿಗ್ ಬಂದಂಗೆ ಬೈಬೇಕಾಗಿತ್ತು. ನೀನು ಸುಮ್ನೆ ಮುದ್ದೆ ಬಡಿಸ್ದೆ.”

ಮಗಳನ್ನು ಎತ್ತಿಕೊಂಡು ಬೈಕಿನ ಕಡೆ ನಡೆದ. ಅಷ್ಟು ಬೆಳೆದ ಹುಡುಗಿಯನ್ನು ಎತ್ತಿಕೊಳ್ಳುವುದು ಸುಲಭವಲ್ಲ, ಎಡವುತ್ತ ನಡೆದ. ಅತ್ತಿಗೆ ಹಿಂದೆ ಹೋಗಲಿಲ್ಲ. ಹೊರಡೋಣ ಎಂದು ನಾನು ಕರೆದೆ. ಬುಕ್ ಮಾಡಿದ್ದೇನಲ್ಲ, ಇರುತ್ತೇನೆ ಎಂದರು. ಅವರನ್ನು ಒಬ್ಬರನ್ನೇ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ಆ ರಾತ್ರಿ ನಾವಿಬ್ಬರೂ ಅಲ್ಲೇ ಇದ್ದೆವು. ಅದರ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ...

ಬೆಳಿಗ್ಗೆ ಸ್ಕೂಟರ್ ಹತ್ತುವಾಗ, ಚಾಂಪಿಯನ್ ರೀಫ್ಸಿಗೆ ಬಿಡು ಎಂದರು. ನಾನು ಅಲ್ಲೇ ನಿಂತುಬಿಟ್ಟೆ. ಅವನು ಕೆಟ್ಟವನಲ್ಲ, ಸಿಟ್ಟಿನಿಂದ ಹೋಗುತ್ತಿಲ್ಲ ಎಂದು ಅವರೇ ನನಗೆ ಸಮಾಧಾನ ಹೇಳಿದರು.

“ನನ್ ಮಕ ಕಾಣ್ದಿದ್ರೆ ನಿಮ್ಮಣ್ಣ ಎರಡು ತುತ್ತು ಜಾಸ್ತಿ ತಿಂತಾನೇನೋ ಪಾಪಾ.”

ಅವರ ಅಮ್ಮನ ಲೈನ್ ಮನೆಯ ಹಿಂದೆ, ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬ. ಗಾಳಿ ಬೀಸಿದರೆ ಬೂದಿಯಂಥ ಮಣ್ಣು ಹಾರಿ ಬಂದು ಒಗೆದ ಬಟ್ಟೆಯ ಮೇಲೆಲ್ಲ ಕೂರುತ್ತಿತ್ತು. ಅತ್ತಿಗೆ ಅಲ್ಲಿ ಇಡ್ಲಿ ಹಿಟ್ಟು ರುಬ್ಬಿ ಮಾರುತ್ತ ಇದ್ದರು. ಮಗಳ ಶಾಲೆ ನಮ್ಮ ಕಡೆ, ಅದಕ್ಕೆ ಅವಳು ನಮ್ಮಲ್ಲೇ ಉಳಿದಳು. ಭಾನುವಾರ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಪ್ರತಿ ಸಲ ಹೊರಡುವಾಗ ಅಣ್ಣ ಚಪ್ಪಲಿ ಮೆಟ್ಟಿ ಜಗಲಿಯವರೆಗೂ ಬರುತ್ತಿದ್ದ, ಅಲ್ಲೇ ನಿಲ್ಲುತ್ತಿದ್ದ. ಅಲ್ಲಿ ಅತ್ತಿಗೆ ನಮ್ಮ ಸ್ಕೂಟರಿನ ಹಿಂದೆ ಇನ್ನೇನಾದರೂ ಬರುತ್ತದೆಯೋ ಎಂದು ಒಂದು ಸಲ ನೋಡುತ್ತಿದ್ದರು. ಮೂರನೆಯ ವರ್ಷ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಮಾಮೂಲಿ ಜ್ವರವೆಂದು ಮಾತ್ರೆ ನುಂಗಿ ಹಿಟ್ಟು ರುಬ್ಬುತ್ತಲೇ ಇದ್ದರಂತೆ. ಡೆಂಗಿ ಎಂದು ಗೊತ್ತಾಗಿ ಕೋಲಾರದ ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮೀರಿತ್ತು. ಅಣ್ಣ ಆಸ್ಪತ್ರೆಗೆ ಬಂದಾಗ ಅವರ ಮುಖ ಮುಚ್ಚಿದ್ದರು. ಬಟ್ಟೆ ಸರಿಸಿ, ಬಹಳ ಹೊತ್ತು ನೋಡುತ್ತ ನಿಂತಿದ್ದ. ಯಾರೂ ಅವನನ್ನು ಕದಲಿಸಲಿಲ್ಲ.

ಅಮ್ಮನೂ ಈಗಿಲ್ಲ. ಮಗಳು ಕೆಜಿಎಫ್‌ನಲ್ಲಿ ಕಾಲೇಜು ಓದುತ್ತಿದ್ದಾಳೆ, ನಿಂತರೆ ಅತ್ತಿಗೆಯದೇ ನಿಲುವು. ಅಣ್ಣ ಇನ್ನೂ ಅದೇ ಕಾರ್ಖಾನೆಗೆ ಹೋಗಿ ಬರುತ್ತಾನೆ. ಹೋದ ವಾರ ಊಟದ ಮಧ್ಯೆ, ಯಾರೂ ಏನೂ ಕೇಳದಿದ್ದರೂ, “ಅವ್ಳಿದ್ದಾಗ ಒಂದ್ಸಲ ಓಗ್ಬೋದಾಗಿತ್ತು,” ಎಂದ. ಅವನು ಬರುವ ಸಂಜೆಯ ರೈಲಿಗೆ ಬಂಗಾರಪೇಟೆ ಕೊನೆಯ ನಿಲ್ದಾಣವಲ್ಲ. ಮುಂದೆ ಕೋರಮಂಡಲ್ ದಾಟಿ ಚಾಂಪಿಯನ್ ರೀಫ್ಸಿಗೇ ಹೋಗುತ್ತದೆ. ಆ ಮೂರು ವರ್ಷವೂ ಅವನು ದಿನಾ ಹತ್ತುತ್ತಿದ್ದುದು ಅತ್ತಿಗೆಯ ಊರಿನ ರೈಲನ್ನೇ. ಬಂಗಾರಪೇಟೆ ಬಂದಾಗ ಎದ್ದು ಇಳಿದುಬಿಡುತ್ತಿದ್ದ. ಒಂದು ಸಂಜೆ ಇಳಿಯದೆ ಸುಮ್ಮನೆ ಕೂತಿದ್ದರೆ ಸಾಕಿತ್ತು.