ಮಾಸ್ಟ್ರ ಸ್ವರದಲ್ಲಿ ಒಂದು ‘ಪೋಯಿ’

ನನ್ನ ಗ್ರಾವೆಲ್ ಬೈಕನ್ನು ಮೊದಲ ಸಲ ನೋಡಿದಾಗ ಅಮ್ಮ ಕೇಳಿದರು: “ಡಾಮರು ಇಲ್ಲದ ರಸ್ತೆಯಲ್ಲಿ ಬಿಡ್ಲಿಕ್ಕೆ ಅಂತಲೇ ಸೈಕಲ್ಲಾ? ನಮ್ಮ ರಸ್ತೆಗೆ ಡಾಮರು ಹಾಕಿ ಅಂತ ಪಂಚಾಯತಿಗೆ ಅಲೆದು ಅಲೆದು ನಿನ್ನಪ್ಪ ಚಪ್ಪಲಿ ಸವೆಸಿದ್ರು. ನೀನೀಗ ಡಾಮರಿಲ್ಲದ್ದನ್ನೇ ಹುಡುಕಿಕೊಂಡು ಹೋಗು.” ಆ ಮಾತನ್ನು ಅಮ್ಮನ ಸ್ವರದಲ್ಲೇ ಅವರಿಗೆ ತಿರುಗಿ ಹೇಳಿದೆ. ಸೌಟು ಹಾರಿ ಬಂತು. ನನ್ನ ಕಲೆಗೆ ಬಹುಮಾನಗಳು ಹೆಚ್ಚಾಗಿ ಅಡುಗೆಮನೆಯಿಂದಲೇ ಬರುವುದು.

ಕೋರ್ಸು ಮುಗಿಸಿ ಊರಿಗೆ ಹೊರಟಿದ್ದ ಮಣಿಪಾಲದ ಒಬ್ಬ ವಿದ್ಯಾರ್ಥಿಯಿಂದ ಆ ಸೈಕಲ್ ಕೊಂಡದ್ದು. ಹಲ್ಲು ಹಲ್ಲಾದ ದಪ್ಪ ಟಯರು, ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲು. ನಾನಿರುವುದು ಪರ್ಕಳದ ಬಾಡಿಗೆ ಕೋಣೆಯಲ್ಲಿ, ಕೆಲಸ ಮಣಿಪಾಲದ ಝೆರಾಕ್ಸ್ ಅಂಗಡಿಯಲ್ಲಿ. ಹಗಲು ಮೆಷಿನಿನಿಂದ ನಕಲು, ಉಳಿದ ಹೊತ್ತು ಬಾಯಿಯಿಂದ ನಕಲು. ಸ್ವಂತದ್ದು ಅಂತ ಇದ್ದದ್ದು ಆ ಸೈಕಲ್ ಒಂದೇ. ಅದೂ ಸೆಕೆಂಡ್ ಹ್ಯಾಂಡ್.

ಭಾನುವಾರ ಬೆಳಿಗ್ಗೆ ನಾವು ಮೂವರು ಹೊರಡುತ್ತಿದ್ದೆವು. ಮುಂದೆ ಮಾಸ್ಟ್ರು. ಕಡಿಯಾಳಿಯವರು, ಶಾಲೆಯಿಂದ ನಿವೃತ್ತರಾಗಿ ಮೂರು ವರ್ಷವಾಗಿತ್ತು. ಅವರ ಮೀನಖಂಡಗಳು ಮಾತ್ರ ಇನ್ನೂ ಸರ್ವೀಸಿನಲ್ಲಿದ್ದವು. ನಡುವೆ ಅಕ್ಕ. ರಕ್ತಸಂಬಂಧ ಏನೂ ಇಲ್ಲ, ಕರೆಯುವುದು ಹಾಗೆ. ಶಂಕರಪುರದ ಮನೆಯಲ್ಲಿ ಬೆಳಿಗ್ಗೆ ಎದ್ದು ಅತ್ತೆಯ ಜೊತೆ ಮಲ್ಲಿಗೆ ಕಟ್ಟಿ, ಆಮೇಲೆ ಕಾಪುವಿನ ಆಫೀಸಿಗೆ ಹೋಗುವವರು. ಬಾಳೆನಾರಿನ ಮೇಲೆ ಅವರ ಬೆರಳು ಓಡುವಾಗ ಎಲ್ಲಿ ಗಂಟು ಬಿತ್ತು, ಯಾವಾಗ ಬಿತ್ತು ಎಂದು ನನಗೆ ಒಮ್ಮೆಯೂ ಗೊತ್ತಾದದ್ದಿಲ್ಲ. ಕೊನೆಗೆ ನಾನು, ಹಿಂದಿನಿಂದ ಇಬ್ಬರಿಗೂ ತಮಾಷೆ ಮಾಡಿಕೊಂಡು.

ಮಣ್ಣಿನ ದಾರಿಯಲ್ಲಿ ಸಾಲಾಗಿ ಹೋಗುವಾಗ ಹಿಂದಿನವರಿಗೆ ತಿರುವಿನಾಚೆ ಕಾಣುವುದಿಲ್ಲ. ಮುಂದಿದ್ದವರು ಕೂಗಿ ಹೇಳಬೇಕು. ಗುಂಡಿ ಇದ್ದರೆ “ಗುಂಡಿ”, ವಾಹನ ಬಂದರೆ “ಗಾಡಿ”. ದಾರಿ ಖಾಲಿ ಇದ್ದರೆ ನಮ್ಮ ಬಸ್ಸಿನ ಕಂಡಕ್ಟರುಗಳ ಹಾಗೆ “ರೈಟ್, ಪೋಯಿ!” ತುಳುವಿನಲ್ಲಿ, ಹೋಗುವ ಅಂತ. ಮಾಸ್ಟ್ರ “ಪೋಯಿ” ಕೇಳಿತೆಂದರೆ ನಾವಿಬ್ಬರೂ ಬ್ರೇಕಿನಿಂದ ಬೆರಳು ತೆಗೆಯುತ್ತಿದ್ದೆವು. ನೋಡಬೇಕು ಅಂತಲೇ ಇಲ್ಲ. ಅವರು ನೋಡಿದ್ದಾರಲ್ಲ.

ನಾನು ಎಲ್ಲರ ಸ್ವರ ತೆಗೆಯುತ್ತಿದ್ದೆ. ಇಳಿಜಾರು ಬಂದಾಗಲೆಲ್ಲ ಅಕ್ಕ “ದೇವಾ, ದೇವಾ” ಅನ್ನುವುದನ್ನು, ಝೆರಾಕ್ಸ್ ಅಂಗಡಿಯ ಯಜಮಾನರು ಗಂಟಲು ಸರಿಮಾಡಿಕೊಳ್ಳುವುದನ್ನು, ಕನ್ನಡಿಯ ಮುಂದೆ ತನ್ನನ್ನೇ ಹೊಗಳಿಕೊಳ್ಳುವ ಪರ್ಕಳದ ಒಬ್ಬ ಪೆದ್ದನನ್ನು ಕೂಡ. ಆ ಪೆದ್ದ ನಾನೇ. ಮಾಸ್ಟ್ರ ಸ್ವರ ಮಾತ್ರ ಸಿಕ್ಕಿರಲಿಲ್ಲ. ಅದು ಮೂಗಿನಲ್ಲಿ ಶುರುವಾಗಿ ಎದೆಯಲ್ಲಿ ಮುಗಿಯುತ್ತಿತ್ತು, ನಡುವೆ ಎಲ್ಲೋ ಸೀಮೆಸುಣ್ಣದ ಪುಡಿ ಸಿಕ್ಕಿಕೊಂಡಿತ್ತು. “ನನ್ನದು ನಿನ್ನ ಗಂಟಲಿಗೆ ದಕ್ಕುವುದಿಲ್ಲ ಮಾರಾಯ,” ಎಂದು ಅವರು ನಗುತ್ತಿದ್ದರು. ಬಾಡಿಗೆ ಕೋಣೆಯ ಬಚ್ಚಲಿನಲ್ಲಿ ವಾರಗಟ್ಟಲೆ ಅಭ್ಯಾಸ ಮಾಡಿದೆ. ಒಂದು ಬೆಳಿಗ್ಗೆ, ತಲೆಗೆ ನೀರು ಹೊಯ್ಯುವಾಗ, ಬಂತು. ಯಾರಿಗೂ ಹೇಳಲಿಲ್ಲ. ಒಳ್ಳೆಯ ಸಮಯ ನೋಡಿ ಬಿಡಬೇಕು ಎಂದುಕೊಂಡೆ.

ಮಳೆಗಾಲ ಮುಗಿದು ಗುಡ್ಡೆಯ ಮಣ್ಣು ಆಗಷ್ಟೇ ಗಟ್ಟಿಯಾಗಿತ್ತು. ಹಿರಿಯಡ್ಕ ದಾಟಿ ಸ್ವರ್ಣಾ ನದಿಯ ಬದಿಯ ದಾರಿ ಹಿಡಿದೆವು. ಕಿಂಡಿ ಅಣೆಕಟ್ಟಿನ ಮೇಲೆ ಸೈಕಲ್ ತಳ್ಳಿಕೊಂಡು ದಾಟಿ, ಗದ್ದೆಯ ಅಂಚಿನಲ್ಲಿ ಸಾಗಿ, ಕಾರ್ಕಳದ ಕಡೆ ಏರುತ್ತ ಹೋಗುವ ಗೇರುಗುಡ್ಡೆಗಳನ್ನು ಒಂದಾದ ಮೇಲೊಂದು ಹತ್ತಿದೆವು. ಒಂದು ಗುಡ್ಡೆ ಹತ್ತಿ ಇಳಿದರೆ ಎದುರಿಗೆ ಇನ್ನೊಂದು ಕಾಯುತ್ತಿರುತ್ತದೆ, ಮದುವೆ ಊಟದಲ್ಲಿ ಬೇಡ ಬೇಡ ಅಂದರೂ ಬಡಿಸುವವರ ಹಾಗೆ. ತುದಿಯಲ್ಲಿ ನೀರು ಕುಡಿಯುವಾಗ ಮಾಸ್ಟ್ರು ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಕತೆ ಶುರುಮಾಡಿ, ಅವನ ಹೆಸರು ನೆನಪಾಗದೆ ನಿಂತರು. “ತಲೆ ಖಾಲಿಯಾಗ್ತಾ ಉಂಟು,” ಅಂದರು. ನಾನು, “ಮೊದಲು ತುಂಬಿತ್ತಾ ಮಾಸ್ಟ್ರೇ?” ಅಂದೆ. ಮೂವರೂ ನಕ್ಕೆವು. ನಕ್ಕದ್ದು ನನಗೆ ಸರಿಯಾಗಿ ನೆನಪುಂಟು.

ವಾಪಸ್ಸು ಬರುವ ಇಳಿಜಾರಿನಲ್ಲಿ, ಎರಡೂ ಬದಿ ಗೋಡೆಯ ಹಾಗೆ ಕೆಂಪು ಮುರಕಲ್ಲು ಕಡಿದು ಮಾಡಿದ ದಾರಿಯಲ್ಲಿ, ಮಾಸ್ಟ್ರು ತಿರುವಿನಾಚೆ ಮರೆಯಾದರು. ಅಕ್ಕ ಎರಡೂ ಬ್ರೇಕು ಹಿಡಿದು ಬಸವನಹುಳುವಿನ ಹಾಗೆ ಇಳಿಯುತ್ತಿದ್ದರು, “ದೇವಾ, ದೇವಾ.” ಅವರ ಹಿಂದೆ ನನಗೆ ಬೇಜಾರು ಹಿಡಿದಿತ್ತು. ಇದೇ ಸಮಯ ಅನ್ನಿಸಿತು. ಮೂಗಿನಲ್ಲಿ ಶುರುಮಾಡಿ ಎದೆಯಲ್ಲಿ ಮುಗಿಸಿ ಕೂಗಿದೆ: “ರೈಟ್! ಪೋಯಿ!”

ಸ್ವರ ಮುರಕಲ್ಲಿಗೆ ಬಡಿದು ಮುಂದಿನಿಂದಲೇ ಬಂದ ಹಾಗೆ ಕೇಳಿತು. ಅಕ್ಕ ಬ್ರೇಕು ಬಿಟ್ಟರು.

ತಿರುವಿನಲ್ಲಿ ಯಾರೋ ಮನೆ ಕಟ್ಟಲಿಕ್ಕೆ ಒಂದು ಲೋಡು ಜಲ್ಲಿ ತಂದು ಅರ್ಧ ರಸ್ತೆಗೆ ಸುರಿದಿದ್ದರು. ಮಾಸ್ಟ್ರು ಅದರಾಚೆ ಸೈಕಲಿನಿಂದ ಇಳಿದು, “ನಿಲ್ಲಿ” ಅಂತ ಕೂಗಲಿಕ್ಕೆ ಆಗಷ್ಟೇ ತಿರುಗುತ್ತಿದ್ದರು. ನಾನು ತಿರುವಿಗೆ ಬರುವಾಗ ಅಕ್ಕನ ಮುಂದಿನ ಚಕ್ರ ಗಾಳಿಯಲ್ಲಿ ಸುತ್ತುತ್ತಿತ್ತು. ಅಕ್ಕ ಎದ್ದು ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು. ಮಣಿಕಟ್ಟಿನ ಹತ್ತಿರ ಕೈ ಇರಬೇಕಾದ ಕಡೆಗೆ ಇರಲಿಲ್ಲ.

“ಮಾಸ್ಟ್ರೇ, ನೀವು ಪೋಯಿ ಅಂದ್ರಲ್ಲ,” ಅಂದರು ಅಕ್ಕ. ದೂರು ಹೇಳುವ ಹಾಗೆ ಅಲ್ಲ, ಕೇಳುವ ಹಾಗೆ.

“ನಾನಾ?” ಮಾಸ್ಟ್ರು ಜಲ್ಲಿ ನೋಡಿದರು, ಅಕ್ಕನನ್ನು ನೋಡಿದರು. “ಅಂದೆನಾ?”

ನಾನು ಆಗಲೇ ಹೇಳಬಹುದಿತ್ತು. ಬಾಯಿ ಇತ್ತು, ಯಾವಾಗಲೂ ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು. ಹತ್ತಿರದ ಮನೆಯವರ ಓಮ್ನಿ ಬಂತು, ಅಕ್ಕನನ್ನು ಕೂರಿಸಿದೆವು, ಮಣಿಪಾಲ ತಲುಪುವವರೆಗೆ ನಾನು ಅವರ ನೀರಿನ ಬಾಟಲಿ ಹಿಡಿದುಕೊಂಡು ಕೂತೆ. ಆಸ್ಪತ್ರೆಯ ಬೆಂಚಿನಲ್ಲಿ ಮಾಸ್ಟ್ರು ಮೆಲ್ಲಗೆ, “ಅಂದಿರಬೇಕು. ಅವಳಿಗೆ ಕೇಳಿದೆಯಲ್ಲ,” ಅಂದರು. ನನ್ನ ಕಡೆ ತಿರುಗಿ, “ನಿನಗೂ ಕೇಳಿತಾ?” ಅಂದರು.

“ಕೇಳಿತು,” ಅಂದೆ. ಅದು ಸುಳ್ಳಲ್ಲ. ಅದಕ್ಕಿಂತ ಕೆಟ್ಟದ್ದು.

ಅಕ್ಕನ ಮಣಿಕಟ್ಟಿಗೆ ಪ್ಲೇಟು ಹಾಕಿದರು. ಎರಡು ವಾರ ಬಿಟ್ಟು ಶಂಕರಪುರಕ್ಕೆ ಹೋದಾಗ ಜಗಲಿಯಲ್ಲಿ ಅವರ ಅತ್ತೆ ಒಬ್ಬರೇ ಕೂತು ಹೂ ಕಟ್ಟುತ್ತಿದ್ದರು. ಅಕ್ಕ ಎಡಗೈಯಲ್ಲಿ ಮೊಗ್ಗು ಜೋಡಿಸಿ ಜೋಡಿಸಿ ಕೊಡುತ್ತಿದ್ದರು, ಶಾಲೆಗೆ ಹೊಸತಾಗಿ ಸೇರಿದ ಮಗುವಿನ ಹಾಗೆ. “ಹೆಬ್ಬೆರಳು ಒತ್ತಲಿಕ್ಕೆ ಬರುವುದಿಲ್ಲ ಮಾರಾಯ,” ಅಂದರು. “ಮಾಸ್ಟ್ರಿಗೆ ಎಂತ ಹೇಳಬೇಡ. ಪಾಪ, ವಯಸ್ಸಾಯ್ತು.” ಬೇರೆ ದಿನವಾಗಿದ್ದರೆ ಅವರ ಅತ್ತೆಯ ಕೆಮ್ಮನ್ನಾದರೂ ಅನುಕರಿಸಿ ನಗಿಸುತ್ತಿದ್ದೆ. ಅವತ್ತು ಚಾ ಕುಡಿದು ಎದ್ದು ಬಂದೆ.

ಮಾಸ್ಟ್ರು ಸೈಕಲ್ ಬಿಟ್ಟರು. ಒಂದು ದಿನ ಅವರ ಹೆಂಡತಿ, ನಾನು ಟೀಚರಮ್ಮ ಎಂದು ಕರೆಯುವವರು, ಝೆರಾಕ್ಸ್ ಅಂಗಡಿಗೇ ಬಂದರು. ಆಸ್ಪತ್ರೆಯ ಹಳೆಯ ಚೀಟಿಗಳ ನಕಲು ಬೇಕಿತ್ತು.

“ಇವರಿಗೆ ಎಂತ ಆಗಿದೆ ಅಂತ ಗೊತ್ತಾಗುವುದಿಲ್ಲ. ಬಾಗಿಲು ಹಾಕಿದೆನಾ ಅಂತ ಕಲ್ಸಂಕದಿಂದ ವಾಪಸ್ಸು ಬರ್ತಾರೆ. ನಾನು ಹೀಗೆ ಅಂದೆನಾ, ಹಾಗೆ ಅಂದೆನಾ ಅಂತ ನನ್ನ ಹತ್ತಿರ ಕೇಳ್ತಾರೆ. ಮಾತಾಡಿದ್ದನ್ನು ಪುಸ್ತಕದಲ್ಲಿ ಬರೆದಿಡ್ತಾರೆ ಮಾರಾಯ! ಸೋಮವಾರ ತಲೆಯ ಸ್ಕ್ಯಾನಿಂಗ್ ಉಂಟು. ಅವರ ಅಣ್ಣನಿಗೂ ಮರೆವು ಹೀಗೇ ಶುರುವಾದದ್ದು.”

ಮೆಷಿನಿನ ಬೆಳಕು ಆ ಚೀಟಿಗಳ ಕೆಳಗೆ ಆಚೆ ಈಚೆ ಹೋಯಿತು. ನಕಲು ಚೆನ್ನಾಗಿ ಬಂದಿತ್ತು. ಮೂಲ ಯಾವುದು ಎಂದು ಹೇಳುವುದು ಕಷ್ಟ.

ಭಾನುವಾರ ಕಡಿಯಾಳಿಗೆ ಹೋದೆ. ಮಾಸ್ಟ್ರು ಜಗಲಿಯಲ್ಲಿದ್ದರು, ಪಕ್ಕದಲ್ಲಿ ಆ ಪುಸ್ತಕ. ಸೈಕಲಿಗೆ ಹಳೆಯ ಬೆಡ್‌ಶೀಟು ಹೊದೆಸಿದ್ದರು. ನಾನು ಹವೆ, ಮೀನು, ಅಂಗಡಿ ಎಲ್ಲ ಮಾತಾಡಿ ಮುಗಿಸಿ ಕೊನೆಗೆ ಹೇಳಿದೆ: “ಮಾಸ್ಟ್ರೇ, ಅವತ್ತು ಪೋಯಿ ಅಂದದ್ದು ನೀವಲ್ಲ. ನಾನು.”

ಅವರು ನಕ್ಕರು, ದಯೆಯಿಂದ. “ಸಮಾಧಾನ ಮಾಡ್ಲಿಕ್ಕೆ ಬಂದೆಯಾ? ನಿನಗೆ ನನ್ನ ಸ್ವರ ಬರುವುದಿಲ್ಲ ಅಂತ ಊರಿಗೇ ಗೊತ್ತುಂಟು.”

“ಬರ್ತದೆ.”

“ಎಲ್ಲಿ, ತೆಗೆ ನೋಡುವ.”

ಮೊದಲ ಸಲ ಕಾಗೆಯ ಸ್ವರ ಬಂತು. ಮಾಸ್ಟ್ರು ನನ್ನ ಮೊಣಕಾಲು ತಟ್ಟಿ, “ಬಿಡು, ನಿನ್ನ ಮನಸ್ಸು ಒಳ್ಳೆಯದು,” ಅಂದರು. ಅದನ್ನು ತಡೆದುಕೊಳ್ಳಲಿಕ್ಕೆ ಆಗಲಿಲ್ಲ. ಕಣ್ಣು ಮುಚ್ಚಿ, ಬಚ್ಚಲಿನ ನೀರನ್ನು ನೆನಪಿಸಿಕೊಂಡು, ಇನ್ನೊಮ್ಮೆ ಕೂಗಿದೆ.

“ರೈಟ್! ಪೋಯಿ!”

ಒಳಗಿನಿಂದ ಟೀಚರಮ್ಮನ ಉತ್ತರ ಬಂತು: “ಈಗ ಎಲ್ಲಿಗ್ರೀ ಹೊರಟದ್ದು? ಕಾಫಿ ಕುಡಿದು ಹೋಗಿ, ಆಯ್ತಾ!”

ನಾನು ಕಣ್ಣು ತೆರೆದೆ. ಮಾಸ್ಟ್ರ ಕೈ ನನ್ನ ಮೊಣಕಾಲಿನ ಮೇಲೆ ಇರಲಿಲ್ಲ. ನನ್ನನ್ನು ನೋಡುತ್ತಿದ್ದರು, ಮನೆಗೆ ನುಗ್ಗಿದವನನ್ನು ನೋಡುವ ಹಾಗೆ. ಪುಸ್ತಕ ತೆಗೆದು ನನ್ನ ಮಡಿಲಲ್ಲಿಟ್ಟರು. ಪುಟ ಪುಟವೂ ಅವರ ಚಂದದ ಅಕ್ಷರ: ಹಾಲಿನವನಿಗೆ ನಾಳೆ ಬೇಡ ಎಂದೆ. ಗ್ಯಾಸ್ ಆಫ್ ಮಾಡಿದೆ. ಬಾಗಿಲು ಹಾಕಿದೆ, ಎರಡು ಸಲ ನೋಡಿದೆ.

“ಎರಡು ತಿಂಗಳು,” ಅಂದರು. “ಎರಡು ತಿಂಗಳು ನೀನು ನೋಡ್ತಾ ಇದ್ದೆಯಾ?”

“ಹೌದು.”

“ಶಂಕರಪುರಕ್ಕೆ ಹೋಗಿ ಅವಳಿಗೆ ಹೇಳಿದೆಯಾ?”

“ಇಲ್ಲ.”

“ಮತ್ತೆ ಇಲ್ಲಿ ಎಂತ ಮಾಡ್ತಿದ್ದೀ? ಹೋಗು.”

ಕಾಫಿ ಕುಡಿಯದೆ ಹೊರಟೆ. ಕಟಪಾಡಿಯವರೆಗೆ ಹೆದ್ದಾರಿ, ಆಮೇಲೆ ಒಳದಾರಿ. ದಾರಿಯುದ್ದಕ್ಕೂ ಹೇಗೆ ಹೇಳುವುದೆಂದು ಬೇರೆ ಬೇರೆಯವರ ಸ್ವರದಲ್ಲಿ ಹೇಳಿ ನೋಡಿದೆ. ಎಲ್ಲರ ಬಾಯಲ್ಲೂ ಸುಲಭವಿತ್ತು, ನನ್ನದರಲ್ಲಿ ಮಾತ್ರ ತೊದಲು.

ಅಕ್ಕ ಪೂರ್ತಿ ಕೇಳಿದರು. ಅವರ ಅತ್ತೆ ಹೂ ಕಟ್ಟುವುದನ್ನು ನಿಲ್ಲಿಸಿದ್ದರು. ಅಕ್ಕ ಬಲಗೈಯ ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ, ಬಿಟ್ಟು, ಒತ್ತಿ, ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಲೇ ಇದ್ದರು.

“ನಿನ್ನ ಸ್ವರ ಅಂತ ಗೊತ್ತಿದ್ದರೆ ನಾನು ಬ್ರೇಕು ಬಿಡ್ತಿರಲಿಲ್ಲ,” ಅಂದರು. ಬೈಯಲಿಲ್ಲ. “ಫೋನ್ ತೆಗೆದುಕೊಡು. ಮಾಸ್ಟ್ರ ಹತ್ತಿರ ಮಾತಾಡಬೇಕು. ನೀನು ಹೊರಗೆ ನಿಲ್ಲು.”

ಇದಾಗಿ ಒಂದು ಬೇಸಿಗೆ ಕಳೆಯಿತು. ಅಕ್ಕನ ಹೆಬ್ಬೆರಳು ಸ್ವಲ್ಪ ಸ್ವಲ್ಪ ಒತ್ತುತ್ತದಂತೆ. ಗಂಟು ಸಡಿಲ, ಅತ್ತೆ ಮತ್ತೊಮ್ಮೆ ಬಿಗಿಯುತ್ತಾರಂತೆ. ಅಕ್ಕ ಮತ್ತೆ ಸೈಕಲಿಗೆ ಬಂದಿಲ್ಲ. ಬನ್ನಿ ಎಂದು ನಾನು ಕರೆದಿಲ್ಲ.

ಮಾಸ್ಟ್ರು ಸ್ಕ್ಯಾನಿಂಗ್ ಮಾಡಿಸಲಿಲ್ಲ. ಒಂದು ಭಾನುವಾರ ಬೆಡ್‌ಶೀಟು ತೆಗೆದು ಹೊರಟರು. ನಾನು ಪರ್ಕಳದಲ್ಲಿ ಸೇರಿಕೊಂಡೆ. ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಅದೇ ನದಿ, ಅದೇ ಗೇರುಗುಡ್ಡೆ. ಈಗ ಅವರು ತಿರುವಿನಲ್ಲಿ ಕೂಗುವುದಿಲ್ಲ. ಸೈಕಲಿನಿಂದ ಇಳಿಯುತ್ತಾರೆ, ನನಗೆ ಕಾಣುವಲ್ಲಿಯವರೆಗೆ ಹಿಂದಕ್ಕೆ ನಡೆದು ಬರುತ್ತಾರೆ, ಕೈ ಎತ್ತಿ ಬಾ ಎಂದು ಸನ್ನೆ ಮಾಡುತ್ತಾರೆ. ಪ್ರತಿ ತಿರುವಿನಲ್ಲೂ. ನಾನು ಎರಡೂ ಬ್ರೇಕು ಹಿಡಿದು ಇಳಿಯುತ್ತೇನೆ, ಬಾಯಿ ಮುಚ್ಚಿಕೊಂಡು.