‘ಬೇಡ’ ಕಲಿಸಿದ ಅಂಕಲ್

ಅಂಕಲ್ ತೀರಿಕೊಂಡ ಮೇಲೆ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಒಂದು ಹಾಲ್‌ನಲ್ಲಿ ನಾವೆಲ್ಲ ಸೇರಿದ್ದೆವು. ಅವರು ಮೆಲ್ಬರ್ನ್‌ನಲ್ಲಿ ಸಾಕಿ ಸಲಹಿದ ಹಳೆಯ ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಮೈಕ್ ಹಿಡಿದು ‘ದೇವರಂಥ ಮನುಷ್ಯ’ ಎಂದರು. ಒಬ್ಬನಂತೂ ಋಷಿ ಎಂದೇ ಕರೆದುಬಿಟ್ಟ. ನನಗೆ ಮೈ ಉರಿಯಿತು. ದೇವರಂಥ ಮನುಷ್ಯರು ಅಷ್ಟು ಕೆಟ್ಟದಾಗಿ ಅಡುಗೆ ಮಾಡುವುದಿಲ್ಲ. ಋಷಿಗಳು ಫ್ರೀವೇ ಮೇಲೆ ತೆವಳಿಕೊಂಡು ಕಾರು ಓಡಿಸಿ, ಹಿಂದಿನವನು ಹಾರ್ನ್ ಹೊಡೆದರೆ ಕಿಟಕಿ ಇಳಿಸಿ ಅಚ್ಚ ಮಂಡ್ಯದ ಕನ್ನಡದಲ್ಲಿ ಬೈಯುವುದಿಲ್ಲ. ಅಲ್ಲಿ ಅವರ ಮಗಳು ಎದುರಿಗೇ ಕೂತಿದ್ದಳು, ಸುಮ್ಮನಿದ್ದೆ. ಇಲ್ಲಿ ಹೇಳುತ್ತೇನೆ.

ನಾನು ಮೈಸೂರಿನಿಂದ ಪಿಎಚ್‌ಡಿಗೆಂದು ಬಂದು ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಒಂದು ಬಾಡಿಗೆ ಮನೆಯ ಕೋಣೆಯಲ್ಲಿದ್ದೆ. ಅಂಕಲ್ ಮನೆ ಎರಡು ಬೀದಿಯಾಚೆ. ಅವರು ರೈಲ್ವೇ ಸಿಗ್ನಲ್ ಇಂಜಿನಿಯರ್ ಆಗಿದ್ದು ರಿಟೈರಾದವರು. ಹೆಂಡತಿ ತೀರಿಹೋಗಿದ್ದರು, ಮಗಳು ಸಿಡ್ನಿಯ ದಿ ಪಾಂಡ್ಸ್‌ನಲ್ಲಿದ್ದಳು. ಊರಿಂದ ಹೊಸದಾಗಿ ಬಂದವರನ್ನು ಏರ್‌ಪೋರ್ಟಿನಿಂದ ಕರೆತರುವುದು, ರೂಮು ಸಿಗುವವರೆಗೆ ಗ್ಯಾರೇಜಿನಲ್ಲಿ ಹಾಸಿಗೆ ಹಾಕಿಕೊಡುವುದು, ಅವರ ರೆಸ್ಯೂಮೆ ಓದಿ ಮುಖ ಸಿಂಡರಿಸುವುದು, ಇವೆಲ್ಲ ಅವರ ವಾರದ ಕೆಲಸ. ಭಾನುವಾರ ಮಧ್ಯಾಹ್ನ ಎಲ್ಲರಿಗೂ ಊಟ. ಊಟ ಎಂದರೆ ಅವರು ಮಾಡಿದ ಹಾಗಲಕಾಯಿ ಗೊಜ್ಜು. ಇಂಡಿಯನ್ ಅಂಗಡಿಯ ಫ್ರೋಜನ್ ಹಾಗಲಕಾಯಿ, ಸುರಿದಷ್ಟೂ ಹುಣಸೆಹುಳಿ, ತಳ ಹಿಡಿದ ವಾಸನೆ. ನಾಯಿ ಮೂಸುವುದೂ ಅನುಮಾನ.

ನನ್ನ ಕಷ್ಟ ಬೇರೆಯೇ ಇತ್ತು. ನನ್ನ ಸೂಪರ್‌ವೈಸರ್ ಒಳ್ಳೆಯ ಮನುಷ್ಯ, ಏನೇ ಹೇಳಿದರೂ ಕೊನೆಗೆ ‘ಓಕೆ?’ ಎಂದು ಕೇಳುತ್ತಿದ್ದ. ನಾನು ತಲೆ ಆಡಿಸುತ್ತಿದ್ದೆ. ದೊಡ್ಡವರು ಕೇಳಿದಾಗ ನಮ್ಮ ಕಡೆ ತಲೆ ತಾನಾಗಿ ಆಡುತ್ತದೆ, ಅದಕ್ಕೆ ಬುದ್ಧಿಯ ಅನುಮತಿ ಬೇಕಿಲ್ಲ. ಹೀಗೆ ಆಡಿಸಿ ಆಡಿಸಿ ಅರ್ಧಕ್ಕೆ ಬಿಟ್ಟುಹೋದ ಇನ್ನೊಬ್ಬನ ಕೆಲಸವೂ ನನ್ನ ತಲೆಗೆ ಬಂತು, ಟ್ಯುಟೋರಿಯಲ್‌ಗಳೂ ಬಂದವು, ನನ್ನ ಸ್ವಂತ ಕೆಲಸ ಮೂಲೆ ಸೇರಿತು. ಕೊನೆಗೆ ಅವನೇ, ನಿನಗೆ ಕಷ್ಟವಾಗುತ್ತಿದೆ ಅನಿಸುತ್ತದೆ, ಪಿಎಚ್‌ಡಿ ಬಿಟ್ಟು ಇದನ್ನು ಮಾಸ್ಟರ್ಸ್ ಮಾಡಿ ಮುಗಿಸೋಣವೇ, ಬುಧವಾರ ಮಾತಾಡೋಣ ಎಂದ. ಮಾಸ್ಟರ್ಸ್ ಎಂದರೆ ಸ್ಕಾಲರ್‌ಶಿಪ್ ಹೋಯಿತು, ಮನೆಗೆ ವಾಪಸ್. ಬುಧವಾರ ಅವನು ‘ಓಕೆ?’ ಎಂದ ಕೂಡಲೇ ನನ್ನ ತಲೆ ಆಡುತ್ತದೆ ಎಂಬುದರಲ್ಲಿ ನನಗೆ ಸಂದೇಹವೇ ಇರಲಿಲ್ಲ.

ಭಾನುವಾರ ಅಂಕಲ್‌ಗೆ ಎಲ್ಲವನ್ನೂ ಹೇಳಿ ಅತ್ತೆ. ಅವರು ಸಮಾಧಾನ ಮಾಡಲಿಲ್ಲ. ತಟ್ಟೆ ಇಟ್ಟರು, ಅನ್ನ ಹಾಕಿದರು, ಗೊಜ್ಜಿನ ಸೌಟು ಎತ್ತಿದರು.

“ಬೇಕಾ?”

“ಅಯ್ಯೋ, ಸಾಕು ಅಂಕಲ್.”

ಸುರಿದರು.

“ಸಾಕು ಸಾಕು, ಹೊಟ್ಟೆ ತುಂಬೋಯ್ತು,” ಎಂದು ನಗುತ್ತ ತಟ್ಟೆಗೆ ಕೈ ಅಡ್ಡ ಹಿಡಿದೆ. ಬೆರಳ ಸಂದಿಯಲ್ಲೇ ಸುರಿದರು.

“ಏನಮ್ಮ ಇದು? ನಗ್ತಾ ಬೇಡ ಅಂದ್ರೆ ಯಾವನ್ ನಂಬ್ತಾನೆ? ನಮ್ಮೂರಲ್ಲಿ ಬೇಡ ಅಂದ್ರೆ ಇನ್ನೊಂದ್ಸಲ ಕೇಳಿ ಅಂತ ಅರ್ಥ. ಆ ನಿನ್ ಮೇಷ್ಟ್ರು ಒಂದ್ಸಲ ಕೇಳ್ತಾನೆ ಅಷ್ಟೇ. ಉಪಚಾರ ಮಾಡಲ್ಲ. ನನ್ ಮುಖ ನೋಡು. ನಗಬೇಡ. ಸಾರಿ ಅನ್ಬೇಡ. ಕಾರಣ ಒಂದೇ ಒಂದು ಹೇಳು, ಆಮೇಲೆ ಬಾಯ್ ಮುಚ್ಚು.”

ಅವರು ಎಲ್ಲರಿಗೂ ಮಾಡುತ್ತಿದ್ದ ಪಾಠ ಇದೇ ಎಂದು ಆ ದಿನವೇ ಬೇರೆಯವರಿಂದ ತಿಳಿಯಿತು. ಅಡುಗೆ ಕೆಟ್ಟದಾಗಿದ್ದದ್ದು ಪಾಠಕ್ಕೆಂದೇ ಅಲ್ಲ, ಅವರಿಗೆ ನಿಜಕ್ಕೂ ಬರುತ್ತಿರಲಿಲ್ಲ. ಆದರೆ ಪಾಠಕ್ಕೆ ಅದು ಬಹಳ ಅನುಕೂಲವಾಗಿತ್ತು.

ನಾನು ಫೇಲಾಗುತ್ತಲೇ ಹೋದೆ. ನಕ್ಕೆ, ಸಾರಿ ಎಂದೆ, ಹೊಟ್ಟೆನೋವು ಎಂದು ಸುಳ್ಳು ಹೇಳಿದೆ, ಅಮ್ಮ ಗೊಜ್ಜು ತಿನ್ನಬೇಡ ಎಂದಿದ್ದಾಳೆ ಎಂದೂ ಹೇಳಿ ನೋಡಿದೆ. ತಟ್ಟೆಯಲ್ಲಿ ಅನ್ನ ಕಾಣದಾಯಿತು. ಕೊನೆಗೆ ಸಿಟ್ಟು ನೆತ್ತಿಗೇರಿತು. ಅವರ ಕಣ್ಣನ್ನೇ ನೋಡಿದೆ.

“ಬೇಡ ಅಂಕಲ್. ಗೊಜ್ಜು ಕಹಿ.”

ಅವರು ಸೌಟನ್ನು ಪಾತ್ರೆಗೆ ಬಿಟ್ಟರು. ಮುಖದಲ್ಲಿ ಎಂಥ ಖುಷಿ ಎಂದರೆ, ಅಡುಗೆಯನ್ನು ಹಳಿಸಿಕೊಂಡು ಅಷ್ಟು ಹಿಗ್ಗಿದವರನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಬುಧವಾರ ಸೂಪರ್‌ವೈಸರ್ ಕೋಣೆಯಲ್ಲಿ ಕೂತೆ. ಅವನು ಮಾಸ್ಟರ್ಸ್ ವಿಷಯವನ್ನು ಬಲು ನಯವಾಗಿ ಬಿಡಿಸಿ ಹೇಳಿ ‘ಓಕೆ?’ ಎಂದ. ಕುತ್ತಿಗೆ ಆಡಲು ಹೊರಟಿತು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಇಲ್ಲ ಎಂದೆ. ನಾನು ಇಬ್ಬರ ಕೆಲಸ ಮಾಡುತ್ತಿದ್ದೇನೆ ಎಂದೆ. ಬಾಯಿ ಮುಚ್ಚಿದೆ. ಅವನು ಕನ್ನಡಕ ತೆಗೆದು ಒರೆಸಿ, ಹೌದಲ್ಲ, ಆ ಇನ್ನೊಬ್ಬನ ಕೆಲಸವನ್ನು ಬೇರೆಯವರಿಗೆ ಕೊಡುತ್ತೇನೆ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದ. ಅಷ್ಟೇ. ತಿಂಗಳುಗಟ್ಟಲೆ ನಿದ್ದೆಗೆಟ್ಟು ನಾನು ಹೆದರಿದ್ದು ಇಷ್ಟು ಸಣ್ಣದಕ್ಕೆ ಎಂದು ಬಸ್ಸಿನಲ್ಲಿ ನಗು ಬಂತು, ಹಿಂದೆಯೇ ಅಳುವೂ ಬಂತು.

ಸಂಜೆ ಫೋನ್ ಮಾಡಿ ಹೇಳಿದೆ. “ಸರಿ ಬಿಡು, ಪಾಸಾದೆ,” ಎಂದರು. ಆಮೇಲೆ, “ಭಾನುವಾರ ಬಾಮ್ಮ, ಪುಳಿಯೋಗರೆ ಮಾಡ್ತೀನಿ,” ಎಂದರು.

“ಆಗಲ್ಲ ಅಂಕಲ್. ಚಾಪ್ಟರ್ ಬರೀಬೇಕು.”

ನಗಲಿಲ್ಲ, ಸಾರಿ ಎನ್ನಲಿಲ್ಲ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಫೋನಿನಲ್ಲಿ ಅಂಕಲ್ ಮನೆಯ ಟಿವಿಯ ಕ್ರಿಕೆಟ್ ಕೇಳಿಸುತ್ತಿತ್ತು. ಆಗ ನನಗೆ ಹೊಳೆಯಿತು. ಭಾನುವಾರ ಅವರ ಮನೆಯಲ್ಲಿ ಪಾಸಾದವರನ್ನು ನಾನು ಯಾವತ್ತೂ ನೋಡಿರಲಿಲ್ಲ. ನೋಡಿದ್ದವರೆಲ್ಲ ನನ್ನಂಥ ಫೇಲಾದವರೇ. ಪಾಠ ಕಲಿತವರು ಇದೇ ರೀತಿ ಒಂದು ಕಾರಣ ಹೇಳಿ, ಬಾಯಿ ಮುಚ್ಚಿ, ತಮ್ಮ ತಮ್ಮ ಕೆಲಸಕ್ಕೆ ಹೋಗಿದ್ದರು. ಈ ಮನುಷ್ಯ ವರ್ಷಗಟ್ಟಲೆ ತನ್ನ ಮನೆಯ ಊಟಕ್ಕೆ ಬರದೇ ಇರುವುದನ್ನು ಒಬ್ಬೊಬ್ಬರಿಗೂ ಕೂರಿಸಿಕೊಂಡು ಕಲಿಸಿದ್ದ. ಅದು ಗೊತ್ತಿದ್ದೇ ಕಲಿಸಿದ್ದ. ಎಂಥ ಹುಚ್ಚು ಮುದುಕ ಎಂದು ಸಿಟ್ಟು ಬಂತು, ಸಂಕಟವೂ ಆಯಿತು.

“ಸರಿ ಕಣಮ್ಮ, ಬರಿ,” ಎಂದರು ಕೊನೆಗೆ. ಆದರೆ ಫೋನ್ ಇಡಲಿಲ್ಲ. ಬೇಡ ಎಂದರೆ ಬೇಡವೇ ಎಂದು ಊರಿಗೆಲ್ಲ ಪಾಠ ಹೇಳಿದ್ದವರು, ಇನ್ನೊಂದು ಸಲ ಕೇಳಿದರು:

“ಮುಂದಿನ ವಾರ?”

ಈ ಸಲ ಅವರು ಪರೀಕ್ಷೆ ಮಾಡುತ್ತಿರಲಿಲ್ಲ.

“ಬರ್ತೀನಿ ಅಂಕಲ್,” ಎಂದೆ.