ಶಶಿರೇಖಾಳ ಏಳು ಊರು

ಕೃಷ್ಣಗಿರಿಯ ಮಾವಿನ ಮಂಡಿಯಲ್ಲಿ ವ್ಯಾಪಾರದ ಮಾತಿಗೂ ಮುಂಚೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಯಾವೂರು? ಟೀ ಲೋಟ ಕೈಗೆ ಬರುವ ಮೊದಲು ಊರು ಹೇಳಬೇಕು, ಲೋಟ ಖಾಲಿಯಾಗುವಷ್ಟರಲ್ಲಿ ತಾತನ ಹೆಸರು, ತೋಟದ ಪಕ್ಕದವರ ಹೆಸರು ಎಲ್ಲ ಒಪ್ಪಿಸಿರಬೇಕು. ನಂಬಿಕೆ ಆಮೇಲಿನ ಮಾತು. ಶಶಿರೇಖಾ ಎಡವುತ್ತಿದ್ದದ್ದು ಇಲ್ಲೇ.

ಅವಳ ಅಪ್ಪ ನರಸಿಂಹಪ್ಪ ಇದೇ ಜಿಲ್ಲೆಯ ಬೇರಿಕೆಯ ರೈತರ ಮನೆಯಲ್ಲಿ ಹುಟ್ಟಿ, ಹತ್ತೊಂಬತ್ತಕ್ಕೆ ಮಿಲಿಟರಿ ಸೇರಿ, ಸುಬೇದಾರರಾಗಿ ನಿವೃತ್ತರಾದವರು. ಅವರಿಗೆ ಬೇರಿಕೆ ಊರು. ಮಗಳಿಗೆ ಅದು ವರ್ಷಕ್ಕೊಮ್ಮೆ ರಜೆಗೆ ಬಂದು ಹೋಗುವ ಜಾಗ. ದೂರದ ಪಂಜಾಬಿನ ಪಠಾಣ್‌ಕೋಟ್‌ನಲ್ಲಿ ಹುಟ್ಟಿದವಳು ಏಳು ದಂಡಿನ ಊರುಗಳಲ್ಲಿ ಬೆಳೆದಳು. ಒಬ್ಬ ಗೆಳತಿ ಸಿಕ್ಕಳು ಅನ್ನುವಷ್ಟರಲ್ಲಿ ಕಬ್ಬಿಣದ ಪೆಟ್ಟಿಗೆ ತುಂಬುವ ಹೊತ್ತಾಗಿರುತ್ತಿತ್ತು. ಮೂರನೇ ಕ್ಲಾಸಿನಲ್ಲಿ ಟೀಚರು ಊರು ಯಾವುದೆಂದಾಗ, ಅಪ್ಪನ ಕಾಗದಗಳ ಮೇಲೆಲ್ಲ ಇರುತ್ತಿದ್ದ ಸೇನಾ ಅಂಚೆಯ ವಿಳಾಸವನ್ನೇ ನೆನೆದು "ಐವತ್ತಾರು ಎ.ಪಿ.ಓ." ಅಂದುಬಿಟ್ಟಿದ್ದಳು. ಕ್ಲಾಸಿನಲ್ಲಿ ಯಾರೂ ನಗಲಿಲ್ಲ. ಅರ್ಧ ಮಕ್ಕಳ ಊರೂ ಅದೇ ಆಗಿತ್ತು.

ನಕ್ಕವರು ಮಂಡಿಯವರು. ಮೂವತ್ತನಾಲ್ಕನೇ ವಯಸ್ಸಿನಲ್ಲಿ ಅವಳು ಇಲ್ಲಿ ಲಾರಿ ಬುಕಿಂಗ್ ಆಫೀಸು ತೆರೆದಾಗ, ಬೇರಿಕೆ ಅಂದರೆ ಯಾವ ಬೀದಿ, ಯಾರ ಮನೆ ಎದುರು ಎಂದು ಕೆದಕುತ್ತಿದ್ದರು. ಅವಳು ತಡವರಿಸುತ್ತಿದ್ದಳು. ಪಠಾಣ್‌ಕೋಟ್ ಅಂದರೆ "ಹಿಂದಿಯೋಳಾ?" ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು. ನೆಟ್ಟಗೆ ಊರು ಹೇಳಲಾಗದವಳ ಕೈಗೆ ಹಣ್ಣು ಒಪ್ಪಿಸುವುದುಂಟೇ? ಎರಡು ಸೀಸನ್ನು ಅವಳಿಗೆ ಸಿಕ್ಕಿದ್ದು ಬೇರೆಯವರು ಬೇಡವೆಂದು ಬಿಟ್ಟ ಲೋಡುಗಳು. ಅವಳಿಗೆ ಸಿಟ್ಟು ಬರುತ್ತಿತ್ತು, ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು.

ಈ ಮೇ ತಿಂಗಳಲ್ಲಿ, ಬೇರಿಕೆ ಕಡೆಯ ಬೆಳೆಗಾರರಲ್ಲಿ ಹಿರಿಯರಾದ ಗೋಪಾಲಪ್ಪ ಅದೇನು ಮನಸ್ಸು ಮಾಡಿದರೋ, ಒಂದು ಲಾರಿ ಬಾದಾಮಿ ಹಣ್ಣು ಕೊಟ್ಟರು.

"ನೋಡಮ್ಮ, ಇದು ಡೆಲ್ಲಿಗೆ ಸರ್ಯಾಗಿ ಸೇರ್ಬುಟ್ರೆ ನಮ್ಮೋರೆಲ್ಲಾರ ಮಾಲೂ ನಿಂಗೇಯ. ಕೆಟ್ಟೋಯ್ತು ಅನ್ಕೋ, ಇನ್ನ ನಿನ್ನ ಕಡೀಕೆ ಯಾರೂ ತಿರುಗೂ ನೋಡಾಕಿಲ್ಲ."

ಮೂರನೇ ದಿನ ಬೆಳಗ್ಗೆ ಒಂಬತ್ತಕ್ಕೆ ಡ್ರೈವರ್ ರಮೇಶನ ಫೋನು ಬಂತು. "ಅಕ್ಕಾ, ಕ್ಲಚ್ ಪ್ಲೇಟ್ ಸುಟ್ಟೋಯ್ತು. ಗ್ಯಾರೇಜ್‌ನೋನು ಎರಡ್ ದಿನ ಆಯ್ತದೆ ಅಂತವ್ನೆ. ಈ ಬಿಸ್ಲಿಗೆ ಹಣ್ಣು ಸಂಜೆಗೇ ಬೆಂದೋಯ್ತವೆ!"

"ಯಾವೂರಪ್ಪ ಅದು?"

"ಝಾನ್ಸಿಗೆ ಮುಂಚೆ ಅಕ್ಕಾ. ಬೋರ್ಡ್‌ನಾಗೆ ಬಬಿನಾ ಅಂತ ಐತೆ."

ಏಳು ಊರುಗಳಲ್ಲಿ ಬೆಳೆದವಳಿಗೆ ಉತ್ತರದ ಯಾವ ಹೆದ್ದಾರಿ ಹಿಡಿದರೂ ಒಂದು ಊರು ಸಿಕ್ಕೇ ಸಿಗುತ್ತದೆ ಎನ್ನಿ. ಆದರೂ ಶಶಿರೇಖಾ ಕುರ್ಚಿಯಿಂದ ಎದ್ದೇ ನಿಂತಳು. ಆರರಿಂದ ಎಂಟನೇ ಕ್ಲಾಸಿನವರೆಗೆ ಅವಳು ಓದಿದ್ದು ಬಬಿನಾದಲ್ಲಿ. ಪಕ್ಕದ ಅಂಗಡಿಯವರಿಗೆ ಫೋನು ಕೊಡಲು ರಮೇಶನಿಗೆ ಹೇಳಿದಳು.

ಫೋನಿಗೆ ಬಂದದ್ದು ಪಂಕ್ಚರ್ ಅಂಗಡಿಯ ಮುದುಕ. ಅವಳು ಹಿಂದಿಯಲ್ಲಿ ಕಷ್ಟ ಹೇಳಿಕೊಂಡಳು. ಎಲ್ಲಿಯದೋ ಲಾರಿ, ಯಾರದೋ ಹಣ್ಣು ಎಂಬ ಉದಾಸೀನದಲ್ಲಿ ಅವನು ಹ್ಞೂಂ, ಹ್ಞೂಂ ಅನ್ನುತ್ತಿದ್ದ. ಆಮೇಲೆ, ಲೋಕದ ಮುದುಕರೆಲ್ಲ ಕೇಳುವುದನ್ನೇ ಕೇಳಿದ: ಎಲ್ಲಿಯವಳಮ್ಮ ನೀನು?

ಮಂಡಿಯಲ್ಲಾಗಿದ್ದರೆ ನಾಲಿಗೆ ಹೊರಳುತ್ತಿರಲಿಲ್ಲ. ಈಗ ನಾಚುತ್ತ ಕೂರಲು ಸಮಯವಿರಲಿಲ್ಲ. "ನಾನು ಬಬಿನಾದವಳೇ," ಅಂದಳು.

ಮುದುಕ ನಕ್ಕ. ಹಸಿ ಸುಳ್ಳೆಂದುಕೊಂಡು ಯಾವ ಕಡೆ, ಯಾವ ಬೀದಿ ಎಂದು ಕೆದಕಿದ. ಕೆದಕಿದಷ್ಟೂ ಅವಳ ಬಾಯಿ ಬಿಚ್ಚಿತು. ಸ್ಟೇಷನ್ನಿನ ಹಿಂದಿನ ಕ್ವಾರ್ಟರ್ಸು, ಫಿರಂಗಿ ಅಭ್ಯಾಸದ ದಿನ ಗಡಗಡ ಅಲುಗುತ್ತಿದ್ದ ಶಾಲೆಯ ಕಿಟಕಿ, ನೀರಿನ ಟ್ಯಾಂಕಿನ ಕೆಳಗೆ ಗಿರಾಕಿಗಳನ್ನು ಬೈಯುತ್ತಲೇ ಜಿಲೇಬಿ ಮಾರುತ್ತಿದ್ದ ಕುಂಟು ಕಾಲಿನವನು...

"ಅವನು ನನ್ನ ಭಾವಮೈದುನ!" ಮುದುಕ ಕೂಗಿಕೊಂಡ.

ಮುಂದೆ ಅವಳು ಬೇಡಬೇಕಾದ್ದೇನೂ ಇರಲಿಲ್ಲ. ನಮ್ಮೂರ ಮಗಳ ಮಾಲು ನಮ್ಮೂರಲ್ಲೇ ಕೊಳೆಯುವುದೇ ಎಂದು ಮುದುಕ ಬೀದಿಗೆಲ್ಲ ಕೇಳುವಂತೆ ಗದರಿದ. ಅಳಿಯನನ್ನು ಬೈಕಿನಲ್ಲಿ ಝಾನ್ಸಿಗೆ ಓಡಿಸಿ ಕ್ಲಚ್ ಪ್ಲೇಟ್ ತರಿಸಿದ. ಎರಡು ದಿನ ಅಂದಿದ್ದ ಗ್ಯಾರೇಜಿನವನನ್ನು ತಾನೇ ಹೋಗಿ ಎಳೆದು ತಂದ. ಲಾರಿಯನ್ನು ಬೇವಿನ ನೆರಳಿಗೆ ತಳ್ಳಿಸಿ, ಟಾರ್ಪಾಲು ಎತ್ತಿಸಿ ಹಣ್ಣಿಗೆ ಗಾಳಿಯಾಡಿಸಿದ. ಸಂಜೆ ಐದಕ್ಕೆ ರಮೇಶ ಫೋನು ಮಾಡಿ, "ಹೊಂಟೆ ಅಕ್ಕಾ! ಜಿಲೇಬಿ ಬೇರೆ ಕಟ್ಕೊಟ್ಟವ್ರೆ," ಅಂದಾಗ ಶಶಿರೇಖಾ ಕುರ್ಚಿಯಲ್ಲಿ ಕುಸಿದು ಗಳಗಳನೆ ಅತ್ತಳು. ಹಣ್ಣು ಉಳಿದದ್ದಕ್ಕೂ ಹೌದು, ಇಪ್ಪತ್ತೆರಡು ವರ್ಷದ ಹಿಂದೆ ಬಿಟ್ಟು ಬಂದ ಊರು ತನ್ನನ್ನು ಮಗಳು ಅಂದದ್ದಕ್ಕೂ ಹೌದು.

ಮಾರನೇ ದಿನ ಬೆಳಗ್ಗೆ ಹಣ್ಣು ಡೆಲ್ಲಿ ಸೇರಿತು. ಅಲ್ಲಿನ ವ್ಯಾಪಾರಿ ಗೋಪಾಲಪ್ಪನವರಿಗೇ ಫೋನು ಮಾಡಿ, ಒಂದು ಹಣ್ಣೂ ಬಾಡಿಲ್ಲ ಎಂದು ಹೊಗಳಿದ. ಬಬಿನಾದ ಕಥೆಯನ್ನು ರಮೇಶ ಅಷ್ಟರಲ್ಲಿ ಮಂಡಿಗೆಲ್ಲ ಫೋನಿನಲ್ಲೇ ಹಂಚಿಬಿಟ್ಟಿದ್ದ. ಮಧ್ಯಾಹ್ನದ ಹೊತ್ತಿಗೆ ಗೋಪಾಲಪ್ಪ ನಾಲ್ವರು ಬೆಳೆಗಾರರನ್ನು ಕರೆದುಕೊಂಡು ಆಫೀಸಿಗೆ ಬಂದರು. ಬಂದವರಲ್ಲಿ ಹನುಮಯ್ಯ ಎಂಬವನಿಗೆ ಇನ್ನೂ ಅನುಮಾನ.

"ಅಲ್ಲಾ, ಈವಮ್ಮನ್ದು ಊರು ಯಾವ್ದೂಂತ..."

"ಸುಮ್ಕಿರ್ಲಾ," ಗೋಪಾಲಪ್ಪ ತಡೆದರು. "ನಮ್ಗೆಲ್ಲಾ ಇರಾದು ಒಂದೊಂದೇ ಊರು ಕಣ್ಲಾ. ಈವಮ್ಮನ್ಗೆ ಡೆಲ್ಲೀಗಂಟ ಅವೆ."

ಶಶಿರೇಖಾ ಐದೂ ಜನರಿಗೆ ಕುರ್ಚಿ ಎಳೆದು ಹಾಕಿದಳು.

"ಡೆಲ್ಲಿಗೇ ಯಾಕ್ ನಿಲ್ಲುಸ್ಬುಟ್ರಿ ಗೋಪಾಲಪ್ನೋರೇ? ನಾನು ಹುಟ್ಟಿದ್ದು ಪಠಾಣ್‌ಕೋಟ್‌ನಾಗೆ. ಅಲ್ಲೀಗಂಟ ಅವೆ. ಎಷ್ಟು ಲಾರಿ ಬೇಕು, ಅದ್ ಹೇಳಿ."